ಕಡಲಿಗೆ ಹೊತ್ತ ನೀರು

ಬೇಸಗೆಯಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ದಿನ ಎಲ್ಲಿಗಾದರೂ ಹೋಗಿಬರೋಣ ಎಂಬ ಮಾತು ಬಂದರೆ ಮೊದಲು ಏಳುವುದು ಬುತ್ತಿಗೆ ಏನು ಕಟ್ಟಬೇಕೆಂಬ ಪ್ರಶ್ನೆ. ಯಾರು ಯಾರು ಹೋಗುವುದು, ಮನೆ ನೋಡಿಕೊಳ್ಳಲು ಯಾರು ಉಳಿಯುವುದು ಎಂಬುದು ಆಮೇಲಿನದು. ಕುಡಿಯುವ ನೀರಿನ ಮಾತು ಬರುವುದೇ ಇಲ್ಲ. ನೀರು ದಾರಿಯಲ್ಲಿ ಎಲ್ಲಿಯಾದರೂ ಸಿಗುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ.

ಸಾಗರದ ಪೇಟೆಯಲ್ಲಿ ಜವಳಿ ಅಂಗಡಿ ನಡೆಸುವ ಧರ್ಮಪ್ಪನವರ ಮನೆಯಲ್ಲೂ ಹೋದ ವರ್ಷ ಹೀಗೇ ಆಯಿತು. ಅವರ ಕಿರಿಯ ಮಗ ಅಜಿತಕುಮಾರ ಅಂಗಡಿಯ ಕೆಲಸಕ್ಕೆಂದು ಹೊನ್ನಾವರಕ್ಕೆ ಹೋದವನು ಕಡಲು ನೋಡಿ ಬಂದಿದ್ದ. ಬಂದ ಮೇಲೆ ಅವನಿಗೆ ಕೂತಲ್ಲಿ ನಿಂತಲ್ಲಿ ಅದೇ ಮಾತು. ಅಪ್ಪ ಅಮ್ಮ ಇಷ್ಟು ವರ್ಷ ಬಾಳಿದರೂ ಘಾಟಿ ಇಳಿದು ಕಡಲು ನೋಡಿಲ್ಲ. ರಾಜ್ಯಗಳು ಒಂದಾದ ಮೇಲೆ ಹೊನ್ನಾವರ ಈಗ ಬೇರೆ ರಾಜ್ಯವೂ ಅಲ್ಲ, ನಮ್ಮದೇ ಆಗಿದೆ. ಬೆಳಗಿನ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮರಳ ಮೇಲೆ ಕೂತು ಬುತ್ತಿ ಬಿಚ್ಚಬಹುದು. ರಾತ್ರಿ ತಂಗಲು ಅಲ್ಲಿ ಪರಿಚಯದ ವ್ಯಾಪಾರಿಯ ಮನೆ ಇದೆ. ಮರುದಿನ ಬೆಳಗಿನ ಬಸ್ಸಿಗೆ ವಾಪಸು. ಇಷ್ಟನ್ನು ಅವನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಕಾಲೇಜಿನ ಗೆಳೆಯರ ಬಾಯಲ್ಲಿ ಕೇಳಿದ ಪಿಕ್ನಿಕ್ ಎಂಬ ಪದವನ್ನೂ ಮನೆಗೆ ತಂದ.

"ಮರಳಲ್ಲಿ ಕೂತು ಬುತ್ತಿ ತಿನ್ನೋದಕ್ಕೆ ಇಂಗ್ಲಿಷ್ ಹೆಸರು ಬೇರೆ ಬೇಕೇನೋ" ಎಂದರು ತಾಯಿ ಜಿನಮ್ಮನವರು. ಆದರೆ ಬೇಡ ಎನ್ನಲಿಲ್ಲ.

ಧರ್ಮಪ್ಪನವರು ಒಂದು ದಿನದ ವ್ಯಾಪಾರ ಹೋಗುತ್ತದೆ ಎಂದು ಸ್ವಲ್ಪ ಗೊಣಗಿದರು. ಮಳೆ ಹಿಡಿದರೆ ಘಾಟಿ ಇಳಿಯುವ ಮಾತೇ ಇಲ್ಲ, ಹೋಗುವುದಾದರೆ ಈಗಲೇ ಎಂದು ಮಗ ಹೆದರಿಸಿದ. ಬರುವ ಭಾನುವಾರ ಎಂದು ನಿಶ್ಚಯವಾಯಿತು.

ಬುತ್ತಿಯ ವಿಚಾರ ಸುಲಭವಾಗಿ ಮುಗಿಯಲಿಲ್ಲ. ಅವರದು ಜೈನರ ಮನೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ನೆಲದೊಳಗೆ ಬೆಳೆಯುವ ಗೆಡ್ಡೆಗಳಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮಧ್ಯಾಹ್ನಕ್ಕೆ ಚಪಾತಿ, ಬಾಳೆಕಾಯಿ ಪಲ್ಯ, ಮೊಸರನ್ನ. ಸಂಜೆ ಹೊತ್ತಿರುವಾಗಲೇ ತಿಂದು ಮುಗಿಸಲು ಅವಲಕ್ಕಿ, ಚಕ್ಕುಲಿ, ರವೆಉಂಡೆ. ಪಲ್ಯಕ್ಕೆ ಕಾಯಿ ಹಾಕಿದರೆ ಸೆಖೆಗೆ ಹಳಸೀತೆಂದು ಒಬ್ಬರು, ಹಾಕದಿದ್ದರೆ ತಿನ್ನುವುದು ಹೇಗೆಂದು ಒಬ್ಬರು. ಇದು ಒಂದು ಸಂಜೆಯನ್ನೆಲ್ಲ ತಿಂದಿತು.

ಜ್ವಾಲಾಮಾಲಿನಿ ಅಡಿಗೆಮನೆಯ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತ ಇದೆಲ್ಲವನ್ನೂ ಕೇಳುತ್ತಿದ್ದಳು. ಅವಳು ಆ ಮನೆಯ ಹಿರಿಯ ಸೊಸೆ. ಎಲ್ಲರೂ ಮಾಲಿನಿ ಎಂದು ಕರೆಯುತ್ತಿದ್ದರು. ಗಂಡ ಅಭಯಕುಮಾರ ಎರಡು ಬೇಸಗೆಗಳ ಹಿಂದೆ ತೀರಿಕೊಂಡಿದ್ದ. ಮನೆ ನೋಡಿಕೊಳ್ಳಲು ಅವಳು ಉಳಿಯುವುದೆಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ಅದರಿಂದ ಅವಳಿಗೆ ದುಃಖವಾಗಲಿಲ್ಲ. ಕಡಲು ನೋಡುವ ಆಸೆ ತನಗೆ ಇದೆಯೋ ಇಲ್ಲವೋ ಎಂದು ಅವಳು ಯೋಚಿಸಿಯೂ ಇರಲಿಲ್ಲ. ಆರು ವರ್ಷದ ಮಗಳು ಪದ್ಮಾವತಿ ಮಾತ್ರ ಅಜ್ಜ ಅಜ್ಜಿ ಚಿಕ್ಕಪ್ಪನ ಜೊತೆ ಹೊರಟಿದ್ದಳು. ಕಡಲಿಗೆ ಯಾವ ಲಂಗ ಹಾಕಿಕೊಳ್ಳುವುದೆಂದು ದಿನಕ್ಕೊಂದು ಲಂಗವನ್ನು ಪೆಟ್ಟಿಗೆಯಿಂದ ತೆಗೆಯುತ್ತಿದ್ದಳು.

ಮಾತು ಮುಗಿಯುವ ಹೊತ್ತಿಗೆ ಧರ್ಮಪ್ಪನವರು, ಕುಡಿಯಲು ನೀರಿಗೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದರು. ಅಲ್ಲಿ ಬಾವಿಗಳಿಲ್ಲವೇ, ಸೋಸುವ ಬಟ್ಟೆ ನನ್ನ ಚೀಲದಲ್ಲಿರುತ್ತದೆ ಎಂದರು ಜಿನಮ್ಮನವರು. ಅಲ್ಲಿಗೆ ನೀರಿನ ಮಾತು ಮುಗಿಯಿತು.

ಮಾಲಿನಿಯ ಕೈ ಮೊರದ ಮೇಲೆ ನಿಂತಿತು.

ಜೈನರ ಮನೆಯಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ಕೊಡದ ಬಾಯಿಗೆ ದಪ್ಪ ಬಟ್ಟೆಯನ್ನು ಇಮ್ಮಡಿ ಮಾಡಿ ಹಾಕಿ, ಬಾವಿಯಿಂದ ಸೇದಿದ ನೀರನ್ನು ಅದರ ಮೇಲೆ ಹೊಯ್ಯುತ್ತಾರೆ. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಕೊಲ್ಲುವಂತಿಲ್ಲ, ಎಸೆಯುವಂತಿಲ್ಲ. ಸೋಸಿದ ನೀರಿನಿಂದಲೇ ಬಟ್ಟೆಯನ್ನು ಒಂದು ತಂಬಿಗೆಗೆ ತೊಳೆದು, ತಂಬಿಗೆಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಿ, ಅವನ್ನು ಅದೇ ಬಾವಿಯ ನೀರಿಗೆ ಮುಟ್ಟಿಸಬೇಕು. ಮೇಲಿನಿಂದ ಸುರಿದರೆ ಅವು ಸಾಯುತ್ತವೆ. ಜಿನಮ್ಮನವರು ಈ ನೇಮವನ್ನು ಒಂದು ದಿನವೂ ತಪ್ಪಿಸಿದವರಲ್ಲ. ಸೋಸುವ ಬಟ್ಟೆ ಜೊತೆಗಿದ್ದರೆ ಯಾವ ಊರಿನ ಯಾವ ಬಾವಿಯ ನೀರನ್ನೂ ಅವರು ಧೈರ್ಯವಾಗಿ ಕುಡಿಯುತ್ತಿದ್ದರು. ಪರವೂರಿಗೆ ಹೋದಾಗ ಬೇರೆಯವರು ನೀರಿಗೆ ಹೆದರಬಹುದು, ತಾವು ಹೆದರಬೇಕಾಗಿಲ್ಲ ಎಂಬುದು ಅವರ ನಂಬಿಕೆ.

ಅಭಯಕುಮಾರನೂ ಅದೇ ದಾರಿಯಲ್ಲಿ ಹೋಗಿದ್ದ. ಹೊನ್ನಾವರದ ಕಡೆಯ ಒಂದು ಮದುವೆಗೆ ಹೋದವನು, ಬರುವಾಗ ದಾರಿಯಲ್ಲಿ ಒಂದು ಬಾವಿಯ ನೀರು ಕುಡಿದ. ಮನೆಗೆ ಬಂದ ಮೇಲೆ ವಾಂತಿಭೇದಿ ಹತ್ತಿತು. ಕಾಲರಾ ಎಂದು ಡಾಕ್ಟರು ಹೇಳಿದರು. ಅವರು ಬರುವ ಹೊತ್ತಿಗೆ ಕೈಕಾಲು ತಣ್ಣಗಾಗಿತ್ತು. ಅವನು ದಾರಿಯಲ್ಲಿ ಬಾಯಾರಿಕೆ ತಡೆಯಲಾರದೆ ಸೋಸದ ನೀರನ್ನೇ ಕುಡಿದುಬಿಟ್ಟ ಎಂದು ಜಿನಮ್ಮನವರು ತೀರ್ಮಾನಿಸಿದರು. ಮನೆಯವರೂ ಹಾಗೆಯೇ ನಂಬಿದರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಮಾಲಿನಿಗೆ ಗೊತ್ತಿದ್ದದ್ದು ಬೇರೆ. ಸೋಸಿದ ನೀರನ್ನೇ ಕುಡಿದೆನೆಂದು ಅವನು ಅವಳಿಗೆ ಹೇಳಿದ್ದ. ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಳಿದರೆ ಆಗುವುದೇನು ಎಂದು ಅವಳಿಗೆ ಅನಿಸಿತ್ತು. ಈಗ ಅದೇ ದಾರಿಯಲ್ಲಿ, ಅಂಥದೇ ಬೇಸಗೆಯಲ್ಲಿ, ಅದೇ ನಂಬಿಕೆಯನ್ನು ಜೊತೆಗಿಟ್ಟುಕೊಂಡು ಮಗಳು ಹೊರಟಿದ್ದಳು.

ಗುರುವಾರ ಬೆಳಿಗ್ಗೆ ಮೂಕಾಂಬಿಕಾ ಮನೆಗೆ ಬಂದರು. ಅವರು ಆರೋಗ್ಯ ಇಲಾಖೆಯ ನರ್ಸಮ್ಮ, ತೀರ್ಥಹಳ್ಳಿ ಕಡೆಯ ಅರಳಸುರಳಿಯವರು. ಎದುರು ಸಾಲಿನಲ್ಲೇ ಬಾಡಿಗೆಗೆ ಇದ್ದರು. ಪದ್ಮಾವತಿ ಹುಟ್ಟುವಾಗ ಬಂದು ನೋಡಿದವರೂ ಅವರೇ. ಆ ವಾರ ಪೇಟೆಯ ಮನೆಮನೆಗೆ ಹೋಗಿ ಕಾಲರಾ ಸೂಜಿ ಹಾಕುತ್ತಿದ್ದರು. ಹಾಕುತ್ತಿದ್ದರು ಎನ್ನುವುದಕ್ಕಿಂತ ಹಾಕಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತಿದ್ದರು ಎನ್ನುವುದೇ ಸರಿ. ನರ್ಸಮ್ಮ ಬೀದಿಯ ತಿರುವಿನಲ್ಲಿ ಕಂಡರೆ ಕೆಲವು ಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಜಗಲಿಯಲ್ಲಿ ಕೂತು, ಮನೆಯವರು ಭಾನುವಾರ ಕಡಲಿಗೆ ಹೊರಟಿದ್ದಾರೆಂಬುದನ್ನು ಕೇಳಿದ ಅವರು, ಘಾಟಿಯ ಕೆಳಗೆ ಒಂದೆರಡು ಊರುಗಳಲ್ಲಿ ವಾಂತಿಭೇದಿ ಶುರುವಾಗಿದೆ ಎಂದರು. ಹೋಗಬೇಡಿ ಎನ್ನಲಿಲ್ಲ. ಒಂದು ಹತ್ತು ದಿನ ಮುಂದಕ್ಕೆ ಹಾಕಿ, ಇವತ್ತೇ ಎಲ್ಲರೂ ಸೂಜಿ ಹಾಕಿಸಿಕೊಳ್ಳಿ, ಸೂಜಿ ಹಾಕಿಸಿಕೊಂಡ ಕೂಡಲೇ ರಕ್ಷಣೆ ಬರುವುದಿಲ್ಲ, ಒಂದು ವಾರವಾದರೂ ಬೇಕು ಎಂದರು. ಸೂಜಿ ಹಾಕಿಸಿಕೊಂಡ ಮಾತ್ರಕ್ಕೆ ಎಲ್ಲಿಯ ನೀರನ್ನಾದರೂ ಕುಡಿಯಬಹುದು ಅಂತಲ್ಲ, ಮನೆಯಲ್ಲೇ ಕುದಿಸಿ ಆರಿಸಿದ ನೀರನ್ನು ಹೊತ್ತುಕೊಂಡು ಹೋಗಬೇಕು ಎಂದರು.

ಅಜಿತ ಮುಖ ಸಣ್ಣಗೆ ಮಾಡಿದ. ಹಿಂದಿನ ಬೀದಿಯ ಭೂತಪ್ಪ ಸೂಜಿ ಹಾಕಿಸಿಕೊಂಡು ತೋಳು ಕುಂಬಳಕಾಯಿಯಾಗಿ ಮಲಗಿದ್ದನ್ನು ಅವನು ಕಣ್ಣಾರೆ ಕಂಡಿದ್ದನಂತೆ.

"ಭೂತಪ್ಪ ಮೂರನೇ ದಿನ ಎದ್ದು ಗಾಡಿ ಹೊಡೀತಿದ್ದ. ಅದನ್ನ ಕಣ್ಣಾರೆ ಕಾಣ್ಲಿಲ್ವಾ ನೀವು?" ಎಂದರು ಮೂಕಾಂಬಿಕಾ.

ಜಿನಮ್ಮನವರ ಅಡ್ಡಿ ಬೇರೆಯದಾಗಿತ್ತು. ಸೂಜಿ ಬೇಕಾದವರು ಹಾಕಿಸಿಕೊಳ್ಳಲಿ, ಅದರ ಬಗ್ಗೆ ಅವರ ತಕರಾರಿಲ್ಲ. ನೀರಿನ ವಿಷಯ ಮಾತ್ರ ತಮಗೆ ಹೇಳಿಕೊಡಬೇಕಾಗಿಲ್ಲ. ಊರಿನವರೆಲ್ಲ ಕೆರೆಯಲ್ಲಿ ಮುಳುಗಿಸಿ ತಂದದ್ದನ್ನು ಹಾಗೇ ಕುಡಿಯುತ್ತಿದ್ದ ಕಾಲದಿಂದ ತಮ್ಮ ಮನೆಯಲ್ಲಿ ನೀರು ಸೋಸುತ್ತಿದ್ದಾರೆ. ಇದನ್ನು ಅವರು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

"ಸೋಸೋದು ಒಳ್ಳೇದೇ ಜಿನಮ್ಮೋರೆ, ಬಿಡಬೇಡಿ" ಎಂದರು ಮೂಕಾಂಬಿಕಾ. "ಕಣ್ಣಿಗೆ ಕಾಣೋ ಹುಳ ನಿಮ್ಮ ಬಟ್ಟೇಲಿ ನಿಲ್ಲುತ್ತೆ, ಕಸ ನಿಲ್ಲುತ್ತೆ. ಕಾಲರಾದ ಕ್ರಿಮಿ ಕಣ್ಣಿಗೆ ಕಾಣಲ್ಲ. ಅದು ಎಳೆ ಸಂದೀಲಿ ಇಳ್ಕೊಂಡು ಹೋಗುತ್ತೆ. ಬಟ್ಟೆ ನಾಲ್ಕು ಪದರ ಮಾಡಿದ್ರೂ ಪೂರಾ ನಂಬೋ ಹಾಗಿಲ್ಲ."

ಅದು ಬಾವಿಗೆ ಬರುವುದು ಹೇಗೆ ಎಂದು ಧರ್ಮಪ್ಪನವರು ಕೇಳಿದರು. ರೋಗಿಯ ಬಟ್ಟೆಯನ್ನು ಬಾವಿಕಟ್ಟೆಯ ಹತ್ತಿರ ಒಗೆಯುತ್ತಾರೆ, ಮಲವಿಸರ್ಜನೆಗೆ ಬಾವಿಯ ಮೇಲ್ಗಡೆಯ ಇಳಿಜಾರಿಗೇ ಹೋಗುತ್ತಾರೆ, ಬೇಸಗೆಯಲ್ಲಿ ತಳ ಕಂಡ ನೀರಿಗೆ ಇಷ್ಟು ಸೇರಿದರೂ ಸಾಕು ಎಂದು ಮೂಕಾಂಬಿಕಾ ವಿವರಿಸಿದರು. ನೀರು ತಿಳಿಯಾಗಿ ಕಂಡರೂ, ರುಚಿಯಾಗಿದ್ದರೂ ಅದರಲ್ಲಿ ಕ್ರಿಮಿ ಇರಬಹುದು. ಕುದಿಸಿದರೆ ಮಾತ್ರ ಸಾಯುತ್ತದೆ.

"ಹಂಗಾದ್ರೆ ನಮ್ಮ ಹಿರಿಯರು ಮಾಡಿದ್ದೆಲ್ಲ ಸುಳ್ಳಾ?" ಎಂದರು ಜಿನಮ್ಮನವರು.

ಮೂಕಾಂಬಿಕಾ ಸುಳ್ಳು ಎಂದು ಹೇಳಲಿಲ್ಲ. ಸಾಲದು ಎಂದರು.

"ಸಾಲದು ಅಂತ ನೀವು ಹೇಳ್ತೀರಿ. ನನ್ನ ಮಗ ಅವತ್ತು ಸೋಸಿ ಕುಡಿದಿದ್ರೆ ಇವತ್ತು ಈ ಜಗಲೀಲಿ ಕೂತಿರ್ತಿದ್ದ. ಬಾಯಾರಿಕೆ ತಡ್ಕೊಳ್ಳಲಿಲ್ಲ. ನೇಮ ಬಿಟ್ಟ, ಹೋದ." ಜಿನಮ್ಮನವರು ಇದನ್ನು ಅತ್ತು ಹೇಳಲಿಲ್ಲ. ಅಂಗಡಿಯ ಬಟ್ಟೆಯ ಬಣ್ಣ ಹೋಯಿತು ಎನ್ನುವಂತೆ ಹೇಳಿದರು. ಎರಡು ವರ್ಷ ತಮ್ಮೊಳಗೇ ಹೇಳಿಕೊಂಡು ಆ ಮಾತು ಸವೆದಿತ್ತು.

ಪದ್ಮಾವತಿ ಅಜ್ಜಿಯ ಪಕ್ಕದಲ್ಲಿ ಹಸಿರು ಲಂಗವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಾಲಿನಿ ಬಾಗಿಲಿನಿಂದ ಒಂದು ಹೆಜ್ಜೆ ಈಚೆ ಬಂದಳು.

"ಅವರು ಸೋಸೇ ಕುಡಿದಿದ್ರು, ಅತ್ತೆ."

ಎಲ್ಲರೂ ಅವಳ ಕಡೆ ತಿರುಗಿದರು. ಜಗಲಿಯಲ್ಲಿ ಹೊರಗಿನವರಿದ್ದಾಗ ಅವಳು ಕೊನೆಯ ಸಲ ಮಾತಾಡಿದ್ದು ಯಾವಾಗ ಎಂಬುದನ್ನೇ ಆ ಮನೆಯವರು ಮರೆತಿದ್ದರು.

"ಯಾರು ಹೇಳಿದ್ದು?"

"ಅವರೇ ಹೇಳಿದ್ರು. ಇನ್ನೂ ಮಾತು ಬರ್ತಿದ್ದಾಗ."

ಆಮೇಲೆ ಅವಳು ತನಗೆ ಗೊತ್ತಿದ್ದಷ್ಟನ್ನು ಹೇಳಿದಳು. ಘಾಟಿ ಏರುವ ಮುಂಚೆ ಬಸ್ಸು ನಿಂತಿತ್ತು. ಅವನು ಇಳಿದು ಬಾವಿಗೆ ಹೋಗಿ ನೀರು ಸೇದಿದ. ಬಟ್ಟೆ ಇಮ್ಮಡಿ ಮಾಡಿ ಸೋಸಿದ. ಕುಡಿದ. ಬಟ್ಟೆ ತೊಳೆದು, ಜೀವಗಳಿದ್ದ ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದಾಗ ಬಸ್ಸಿನವನು ಹಾರ್ನ್ ಹೊಡೆದ. ಬಾವಿ ಆಳವಾಗಿತ್ತು, ನೀರು ತಳದಲ್ಲಿತ್ತು. ಮೇಲಿನಿಂದ ಸುರಿದು ಓಡಿಬರಬಹುದಿತ್ತು. ಅವನು ಬರಲಿಲ್ಲ. ಬಸ್ಸು ಹೊರಟುಹೋಯಿತು. ಅದಕ್ಕೇ ಅವನು ಆ ದಿನ ಮರದ ನಾಟಾ ಹೇರಿದ ಲಾರಿಯಲ್ಲಿ ಮನೆಗೆ ಬಂದದ್ದು.

"ಬಸ್ಸು ತಪ್ತು ಅಂತ ಮಾತ್ರ ನನ್ನ ಹತ್ರ ಅಂದಿದ್ದ" ಎಂದರು ಧರ್ಮಪ್ಪನವರು.

ಜಿನಮ್ಮನವರು ಸೊಸೆಯನ್ನೇ ನೋಡುತ್ತಿದ್ದರು.

"ತಂಬಿಗೆ ಕೆಳಗಿನವರೆಗೂ ಇಳಿಸಿದ್ನಾ?"

"ಹೂಂ. ನೀರು ಮುಟ್ಟೋವರೆಗೂ."

ಜಿನಮ್ಮನವರು ಎದ್ದು ಒಳಗೆ ಹೋದರು. ದೇವರ ಮನೆಯ ಬಾಗಿಲು ತೆರೆದ ಸದ್ದು ಕೇಳಿತು. ಮೂಕಾಂಬಿಕಾ ತಮ್ಮ ಪೆಟ್ಟಿಗೆಯನ್ನು ಮುಚ್ಚಿ, ಇನ್ನೊಂದು ದಿನ ಬರುತ್ತೇನೆಂದು ಏಳಲು ನೋಡಿದರು. ಧರ್ಮಪ್ಪನವರು ಕೈಯಿಂದಲೇ ಕೂತುಕೊಳ್ಳಿ ಎಂದರು. ಅಜಿತ ಕಂಬಕ್ಕೆ ಒರಗಿ ಬೀದಿ ನೋಡುತ್ತಿದ್ದ. ಮಾಲಿನಿ ನಿಂತಲ್ಲೇ ನಿಂತಿದ್ದಳು. ಹೇಳಿದ್ದರಿಂದ ಎದೆ ಹಗುರವಾಯಿತೇ ಎಂದರೆ ಹಾಗೇನೂ ಆಗಲಿಲ್ಲ. ಆದರೆ ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಇನ್ನು ಮಗಳನ್ನು ಕಳಿಸುವುದು ಬಿಡುವುದು ಅವರ ಕೈಯಲ್ಲಿತ್ತು.

ಜಿನಮ್ಮನವರು ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು. "ನೇಮ ಬಿಟ್ಟಿರ್ಲಿಲ್ಲ ಅವನು" ಎಂದರು. ಯಾರಿಗೆಂದು ಹೇಳಲಿಲ್ಲ. ಕೂತು, ಸೆರಗು ಸರಿಮಾಡಿಕೊಂಡು, ನರ್ಸಮ್ಮನ ಕಡೆ ತಿರುಗಿದರು. ಕುದಿಸಿದರೆ ನೀರಿನಲ್ಲಿರುವ ಜೀವಗಳೆಲ್ಲ ಸಾಯುವುದಿಲ್ಲವೇ, ಆ ಪಾಪ ಯಾರಿಗೆ ಎಂದು ಕೇಳಿದರು. ಜಗಳಕ್ಕೆ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

ಮೂಕಾಂಬಿಕಾ ಜೈನರಲ್ಲ. ಅದು ನನಗೆ ತಿಳಿಯದು ಎಂದು ಒಪ್ಪಿಕೊಂಡರು.

ಮಾಲಿನಿ, ಅತ್ತೆ ನೋಂಪಿ ವ್ರತದ ದಿನಗಳಲ್ಲಿ ಕುಡಿಯುವುದು ಎಂತಹ ನೀರು ಎಂದು ಮೆಲ್ಲಗೆ ನೆನಪಿಸಿದಳು. ಹೊಂಬುಜದ ಬಸದಿಗೆ ಮುನಿಗಳು ಬಂದಾಗ ಅವರ ಆಹಾರಕ್ಕೆ ಈ ಮನೆಯವರು ಕಾಯಿಸಿಟ್ಟದ್ದು ಎಂತಹ ನೀರು ಎಂದೂ ಕೇಳಿದಳು.

ಜಿನಮ್ಮನವರು ಬೆರಳು ಮಡಿಸುತ್ತ ಹೇಳತೊಡಗಿದರು. ಮುನಿಗಳು ಹಸಿ ನೀರು ಮುಟ್ಟುವುದಿಲ್ಲ. ಸೋಸಿ, ಕಾಯಿಸಿ, ಆರಿಸಿದ ನೀರನ್ನೇ ತೆಗೆದುಕೊಳ್ಳುವುದು. ವ್ರತದ ದಿನ ತಾವೂ ಹಾಗೆಯೇ. ಸೋಸಿದ ನೀರಾದರೆ ಒಂದು ಮುಹೂರ್ತ, ಎಂದರೆ ಸುಮಾರು ಮುಕ್ಕಾಲು ಗಂಟೆ, ಕಳೆದ ಮೇಲೆ ಮತ್ತೆ ಸೋಸಬೇಕು. ಚೆನ್ನಾಗಿ ಕುದಿಸಿದ ನೀರು ಎಂಟು ಜಾವ, ಎಂದರೆ ಇವತ್ತು ಬೆಳಗಿನಿಂದ ನಾಳೆ ಬೆಳಗಿನವರೆಗೆ ನಡೆಯುತ್ತದೆ. ಮೊದಲು ಸೋಸಿ, ಜೀವಗಳನ್ನು ಬಾವಿಗೆ ಮುಟ್ಟಿಸಿ, ಆಮೇಲೆ ಕುದಿಸಿದರೆ ನೇಮಕ್ಕೆ ಏನೂ ಭಂಗವಿಲ್ಲ. ಇದೆಲ್ಲವನ್ನೂ ಅವರು ಸೊಸೆಗೆ ಪಾಠ ಹೇಳುವಂತೆ ಹೇಳಿದರು. ಈ ಮಾತು ಮೊದಲಿನಿಂದ ತಮ್ಮದೇ ಎಂಬಂತೆ.

"ನಾನೂ ಅದನ್ನೇ ಅಲ್ವಾ ಹೇಳ್ತಿದ್ದಿದ್ದು" ಎಂದರು ಮೂಕಾಂಬಿಕಾ.

"ನೀವು ಹೇಳಿದ್ದು ಕುದಿಸೋದು ಮಾತ್ರ. ಸೋಸೋದು ನಂದು."

ಇಬ್ಬರೂ ಅಷ್ಟಕ್ಕೆ ಒಪ್ಪಿದರು.

ಮೊದಲು ತೋಳು ಚಾಚಿದವರು ಧರ್ಮಪ್ಪನವರು. ಆಮೇಲೆ ಜಿನಮ್ಮನವರು, ಕಣ್ಣು ಮುಚ್ಚಿಕೊಂಡು. ಪದ್ಮಾವತಿ ಸೂಜಿ ಕಂಡ ಕೂಡಲೇ ಅತ್ತಳು, ತೆಗೆದ ಕೂಡಲೇ ಸುಮ್ಮನಾದಳು. ಅಜಿತ ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕುತ್ತಿದ್ದವನನ್ನು ಧರ್ಮಪ್ಪನವರು ಕರೆದು ಕೂರಿಸಿದರು. ಎಲ್ಲ ಮುಗಿದು ಮೂಕಾಂಬಿಕಾ ಸೂಜಿಯನ್ನು ಎತ್ತಿಡುವಾಗ ಜಿನಮ್ಮನವರು ಸೊಸೆಯನ್ನು ನೋಡಿದರು.

"ನೀನೂ ತೋಳು ಕೊಡು."

ನಾನು ಮನೆಯಲ್ಲೇ ಇರುವವಳಲ್ಲವೇ ಎಂದಳು ಮಾಲಿನಿ.

"ಮಗೂಗೆ ಅಲ್ಲಿ ಯಾವ ನೀರು ಕುಡಿಸ್ತೀವಿ ಅಂತ ನೋಡೋಕೆ ನೀನು ಬರಬೇಕು. ನಂಗೆ ವಯಸ್ಸಾಯ್ತು, ಮರೀತೀನಿ. ಮನೆಗೆ ಬೀಗ ಇಲ್ವಾ?"

ಮಾಲಿನಿ ತೋಳು ಕೊಟ್ಟಳು.

ಮರುದಿನ ಎಲ್ಲರಿಗೂ ತೋಳು ನೋಯಿತು, ಸಣ್ಣಗೆ ಮೈ ಬಿಸಿಯಾಯಿತು. ಅಜಿತ ಹೊದ್ದು ಮಲಗಿ ನರಳಿದ. ಪದ್ಮಾವತಿ ಅವನ ಹಾಸಿಗೆಯ ಸುತ್ತ ಓಡಾಡಿಕೊಂಡು, ನಂಗೂ ಚುಚ್ಚಿದಾರೆ ಚಿಕ್ಕಪ್ಪ, ನಾನು ಎದ್ದಿದೀನಿ ನೋಡು ಎಂದಳು. ಆ ಸಂಜೆ ಅವನೂ ಎದ್ದ.

ಮೊದಲು ನಿಶ್ಚಯಿಸಿದ ಭಾನುವಾರವನ್ನು ಬಿಟ್ಟು, ಅದರ ಮುಂದಿನ ಭಾನುವಾರ ನಸುಕಿನಲ್ಲಿ ಜಿನಮ್ಮನವರು ನೀರು ಸೋಸಿದರು. ಮಾಲಿನಿ ತೊಳೆದು ಬೆಳಗಿದ ಹಂಡೆಯಲ್ಲಿ ಅದನ್ನು ಒಲೆಯ ಮೇಲಿಟ್ಟಳು. ನೀರು ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು, ಕುದಿಯಲು ಹತ್ತಿದ ಮೇಲೂ ಸ್ವಲ್ಪ ಹೊತ್ತು ಬಿಡಬೇಕು ಎಂದು ನರ್ಸಮ್ಮ ಹೇಳಿದ್ದರು. ಆರಿಸಲೆಂದು ಬೇರೆ ತಣ್ಣೀರು ಬೆರೆಸಬಾರದು. ಆರಿದ ಮೇಲೆ ಕುದಿನೀರಿನಲ್ಲಿ ತೊಳೆದ ಎರಡು ತಾಮ್ರದ ಕೊಡಗಳಿಗೆ ತುಂಬಿ, ಮುಚ್ಚಳ ಹಾಕಿ, ಮೇಲೆ ಬಟ್ಟೆ ಕಟ್ಟಿದರು. ಕೈ ಅದ್ದದೆ ನೀರು ತೆಗೆಯಲು ಉದ್ದ ಹಿಡಿಯ ಸೌಟು ಒಂದನ್ನು ಬೇರೆ ಇಟ್ಟುಕೊಂಡರು.

ಬಸ್ಸಿನ ಕಂಡಕ್ಟರ್ ಶೇಷಪ್ಪ ಕೊಡಗಳನ್ನು ನೋಡಿ ಬಾಗಿಲಲ್ಲೇ ನಿಂತ.

"ಎಲ್ಲಿಗಮ್ಮಾ ಪ್ರಯಾಣ?"

"ಸಮುದ್ರಕ್ಕೆ."

"ಸಮುದ್ರಕ್ಕೆ ನೀರು ಹೊತ್ಕೊಂಡು ಹೋಗೋರ್ನ ನಾನು ಇವತ್ತೇ ನೋಡಿದ್ದು."

"ನಿನ್ನ ಸಮುದ್ರದ ನೀರು ಕುಡಿಯೋಕೆ ಬಂದಿದ್ರೆ ನಾವ್ಯಾಕಪ್ಪ ಹೊರ್ತಿದ್ವಿ" ಎಂದರು ಜಿನಮ್ಮನವರು. ಬಸ್ಸಿನಲ್ಲಿದ್ದವರು ನಕ್ಕರು. ಕೊಡಗಳು ಜಿನಮ್ಮನವರ ಕಾಲ ಹತ್ತಿರ ಕೂತವು.

ಘಾಟಿ ಇಳಿದ ಮೇಲೆ ಬಸ್ಸು ನಿಂತಿತು. ಸೆಖೆ ಹತ್ತಿತ್ತು. ಪ್ರಯಾಣಿಕರು ಇಳಿದು ರಸ್ತೆ ಬದಿಯ ಬಾವಿಗೆ ಹೋಗಿ ಸರದಿಯಲ್ಲಿ ನೀರು ಸೇದಿ ಕುಡಿದರು. ಅದೇ ಬಾವಿಯೋ ಬೇರೆಯೋ ಮಾಲಿನಿಗೆ ತಿಳಿಯದು. ಅವಳು ಕೇಳಲಿಲ್ಲ. ಪದ್ಮಾವತಿ ನೀರು ಬೇಕೆಂದಳು. ಮಾಲಿನಿ ಕೊಡದ ಮುಚ್ಚಳ ತೆಗೆದು, ಸೌಟಿನಲ್ಲಿ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಮಗು ಗಟಗಟ ಕುಡಿದು ಇನ್ನೂ ಬೇಕೆಂದಿತು. ಇನ್ನೊಂದು ಲೋಟ ಕೊಟ್ಟಳು. ಶೇಷಪ್ಪ ಬಾವಿಯ ಹತ್ತಿರ ಹೋಗಿ, ಅಲ್ಲಿಯ ಜನ ನೋಡಿ, ತಿರುಗಿ ಬಂದು ಕಿಟಕಿಯ ಹತ್ತಿರ ನಿಂತ. ಒಂದು ಲೋಟ ನಂಗೂ ಕೊಡ್ತೀರಾ ಎಂದು ಕೇಳಿದ. ಜಿನಮ್ಮನವರು ಅವನಿಗೆ ಕೊಟ್ಟರು, ಎಲ್ಲಿಯ ನೀರು, ಹೇಗೆ ಕುದಿಸಿದ್ದು ಎಂಬುದನ್ನೂ ಪೂರ್ತಿ ಹೇಳಿದರು. ಬಸ್ಸು ಹೊರಡುವವರೆಗೂ ಅವನು ಕೇಳಬೇಕಾಯಿತು.

ಕಡಲು ದೊಡ್ಡದಾಗಿತ್ತು. ಧರ್ಮಪ್ಪನವರು ಪಂಚೆ ಎತ್ತಿ ಕಟ್ಟಿ ಕಾಲು ತೋಯಿಸಿಕೊಂಡರು. ಇದನ್ನು ಸೋಸಲು ಎಷ್ಟು ದೊಡ್ಡ ಬಟ್ಟೆ ಬೇಕು ಎಂದು ಪದ್ಮಾವತಿ ಕೇಳಿದಳು. ನಿನ್ನ ಅಜ್ಜನ ಅಂಗಡಿಯ ಬಟ್ಟೆಯೆಲ್ಲ ತಂದರೂ ಸಾಲದು ಎಂದು ಅಜಿತ ಹೇಳಿದ. ಊಟಕ್ಕೆ ಮೊದಲು ಮಾಲಿನಿ ಎಲ್ಲರಿಗೂ ಕೈ ತೊಳೆಸಿದಳು. ಮೇಲೆ ಮುಚ್ಚಿ ತಂದ ಬುತ್ತಿಯನ್ನು ಬಿಟ್ಟರೆ ಬೇರೇನೂ ತಿನ್ನಲಿಲ್ಲ. ನೊಣ ಕೂತ ಹಣ್ಣಿನ ಹೋಳುಗಳನ್ನು ಹುಡುಗನೊಬ್ಬ ಮಾರಲು ತಂದ, ಬೇಡವೆಂದರು. ಎದುರಿಗೇ ಕೆತ್ತಿಸಿ ಎಳನೀರು ಕುಡಿದರು. ಹೊತ್ತು ಮುಳುಗುವ ಮೊದಲೇ ಎರಡನೇ ಊಟ ಮುಗಿಯಿತು. ಮಾಲಿನಿ ಸ್ವಲ್ಪ ಹೊತ್ತು ಮರಳ ಮೇಲೆ ಒಬ್ಬಳೇ ಕೂತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ. ಜಿನಮ್ಮನವರು ಬಂದು ಪಕ್ಕದಲ್ಲಿ ಕೂತರು. ರಾತ್ರಿ ತಂಗಿದ ಮನೆಯಲ್ಲಿ ಬ್ಯಾಗು ಬಿಚ್ಚುವ ಮೊದಲೇ ಅವರು ಒಲೆ ಎಲ್ಲಿದೆ ಎಂದು ಕೇಳಿದರು. ನಾಳೆಯ ನೀರಿಗೆ.

ಅವರು ಮರಳಿ ಬಂದರು. ಆ ವಾರ ಕಳೆಯಿತು, ಮುಂದಿನ ವಾರವೂ ಕಳೆಯಿತು. ಆ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಪದ್ಮಾವತಿ ಶಾಲೆಗೆ ಹೋದಳು. ಮಳೆ ಹಿಡಿಯಿತು. ಮುನ್ನೆಚ್ಚರಿಕೆಯ ಕಥೆ ಹೀಗೇ ಮುಗಿಯುತ್ತದೆ. ಏನೂ ಆಗುವುದಿಲ್ಲ. ಕೇಳಲು ಸ್ವಾರಸ್ಯವಿಲ್ಲದಿರಬಹುದು, ಬದುಕಲು ಅದಕ್ಕಿಂತ ಒಳ್ಳೆಯದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಓದು ಬಾರದವರಿಗೆ ಇದನ್ನು ಓದಿ ಹೇಳುತ್ತಿರುವವರೇ, ಈ ಬೇಸಗೆಯಲ್ಲಿ ನೀವೂ ಎಲ್ಲಿಗೋ ಹೊರಟಿರಬಹುದು. ಕಡಲಿಗೆ, ಜೋಗಕ್ಕೆ, ಮದುವೆಗೆ, ತವರಿಗೆ. ಹೊರಡುವುದಕ್ಕೆ ಒಂದು ವಾರಕ್ಕೂ ಮೊದಲೇ ಮನೆಯವರೆಲ್ಲ ಕಾಲರಾ ಸೂಜಿ ಹಾಕಿಸಿಕೊಳ್ಳಿ. ಒಂದು ದಿನದ ತೋಳುನೋವಿಗೆ ಹೆದರಬೇಡಿ. ನಿಮ್ಮ ಮನೆಯಲ್ಲಿ ನೀರು ಸೋಸುವ ಪದ್ಧತಿ ಇದ್ದರೆ ಬಿಡಬೇಡಿ, ಇಲ್ಲದಿದ್ದರೆ ಇಂದೇ ಹಿಡಿಯಿರಿ. ಆದರೆ ಅಲ್ಲಿಗೇ ನಿಲ್ಲಬೇಡಿ, ಆ ನೀರನ್ನು ಕುದಿಸಿ ಆರಿಸಿ ಮುಚ್ಚಿಟ್ಟು ಕುಡಿಯಿರಿ. ಹೊರಟಾಗ ಹೊತ್ತುಕೊಂಡು ಹೋಗಿ. ನಗುವವರು ನಗಲಿ. ಯಾರಿಗಾದರೂ ವಾಂತಿಭೇದಿ ಕಂಡರೆ ಬಾಯಿಗೆ ನೀರು ಕೊಡದೆ ಕೂರಿಸಬೇಡಿ. ಕುದಿಸಿದ ನೀರನ್ನೂ ಉಪ್ಪು ಹಾಕಿದ ಗಂಜಿ ತಿಳಿಯನ್ನೂ ಕುಡಿಸುತ್ತ, ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರ ಬಟ್ಟೆಯನ್ನು ಬಾವಿಯ ಹತ್ತಿರ ಒಗೆಯಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ತೀರಿಹೋಗಿದ್ದರೆ, ಅವರ ತಪ್ಪಿನಿಂದ ಹೋದರೆಂದು ಹೇಳಬೇಡಿ. ಅವರಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ನಿಮಗೆ ಹೇಳಿಯಾಗಿದೆ.

ಹೋಗಿ, ಕಡಲು ನೋಡಿ. ಎಷ್ಟು ಜನ ಹೋಗುತ್ತೀರೋ ಅಷ್ಟೂ ಜನ ಮನೆಗೆ ಬನ್ನಿ.